ಫೋನಿಗೆ ಫೋನು ತಾಗಿಸಿದರೆ ಫೈಲ್ ಹೋಗುತ್ತದೆಯೇ? ಎನ್‌ಎಫ್‌ಸಿ, ಬ್ಲೂಟೂತ್, ಕ್ವಿಕ್ ಶೇರ್, ಏರ್‌ಡ್ರಾಪ್: ಯಾವುದು ಯಾವಾಗ

ಎರಡು ಫೋನುಗಳ ಬೆನ್ನಿಗೆ ಬೆನ್ನು ತಾಗಿಸಿ ಫೋಟೊ ಕಳಿಸುವ ಸೌಲಭ್ಯ ಹೊಸ ಫೋನಿನಲ್ಲಿ ಎಲ್ಲಿ ಅಡಗಿದೆ ಎಂದು ಹುಡುಕುವವರು ಈಗಲೂ ಇದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಎನ್‌ಎಫ್‌ಸಿ (ತೀರಾ ಹತ್ತಿರ ತಂದ ಸಾಧನಗಳು ಮಾತಾಡಿಕೊಳ್ಳುವ ವ್ಯವಸ್ಥೆ) ಸ್ವಿಚ್ ಕಾಣುತ್ತದೆ, ಆನ್ ಕೂಡ ಆಗುತ್ತದೆ. ಫೈಲ್ ಮಾತ್ರ ಹೋಗುವುದಿಲ್ಲ. ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ಆಂಡ್ರಾಯ್ಡ್ ಫೋನುಗಳಿಂದ ಆ ಸೌಲಭ್ಯವನ್ನೇ ತೆಗೆದುಹಾಕಲಾಗಿದೆ. ಅದು ಇದ್ದ ಕಾಲದಲ್ಲೂ ಫೈಲನ್ನು ಆ ಕಡೆಗೆ ಸಾಗಿಸುತ್ತಿದ್ದದ್ದು ಎನ್‌ಎಫ್‌ಸಿ ಆಗಿರಲಿಲ್ಲ. ಎರಡು ಫೋನುಗಳಿಗೆ ಪರಸ್ಪರ ಪರಿಚಯ ಮಾಡಿಸುವಷ್ಟೇ ಎನ್‌ಎಫ್‌ಸಿಯ ಕೆಲಸ. ಹೊರೆ ಹೊರುವುದು ಬ್ಲೂಟೂತ್ ಅಥವಾ ವೈ-ಫೈ. ಇದನ್ನು ತಿಳಿದುಕೊಂಡರೆ ಯಾವ ಸಂದರ್ಭಕ್ಕೆ ಯಾವ ದಾರಿ ಎಂಬ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ.

ಮೊದಲು ಲೆಕ್ಕ ನೋಡೋಣ

ಎನ್‌ಎಫ್‌ಸಿ ಕೆಲಸ ಮಾಡುವುದು 13.56 ಮೆಗಾಹರ್ಟ್ಸ್ ತರಂಗದಲ್ಲಿ. ಫೋನುಗಳ ನಡುವೆ ಅದರ ವೇಗ ಸೆಕೆಂಡಿಗೆ 106, 212 ಅಥವಾ 424 ಕಿಲೋಬಿಟ್. ಅತಿ ಹೆಚ್ಚಿನ 424ನ್ನೇ ಹಿಡಿದರೂ ಸೆಕೆಂಡಿಗೆ 53 ಕೆಬಿ ಆಯಿತು. 4 ಎಂಬಿಯ ಒಂದು ಫೋಟೊ ಹೋಗಲು 75 ಸೆಕೆಂಡು ಬೇಕು, ಅಷ್ಟು ಹೊತ್ತೂ ಎರಡು ಫೋನುಗಳನ್ನು ಅಲುಗಾಡಿಸದೆ ಅಂಟಿಸಿ ಹಿಡಿದಿರಬೇಕು. 1 ಜಿಬಿ ವಿಡಿಯೊಗೆ ಐದು ಗಂಟೆ ದಾಟುತ್ತದೆ.

ಅದೇ 1 ಜಿಬಿ ಬ್ಲೂಟೂತ್‌ನಲ್ಲಿ, ಸೆಕೆಂಡಿಗೆ 200 ಕೆಬಿಯಂತೆ ಹೋದರೆ, ಸುಮಾರು 1 ಗಂಟೆ 20 ನಿಮಿಷ. 2.4 ಗಿಗಾಹರ್ಟ್ಸ್ ವೈ-ಫೈನಲ್ಲಿ ಸೆಕೆಂಡಿಗೆ 5 ಎಂಬಿ ಸಿಕ್ಕರೆ ಮೂರು ನಿಮಿಷಕ್ಕೆ ಚೂರು ಮೇಲೆ. 5 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೆ ಅರ್ಧ ನಿಮಿಷದ ಆಸುಪಾಸು. ಐಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ಸೆಕೆಂಡಿಗೆ 30 ಫ್ರೇಮ್‌ನಂತೆ ತೆಗೆದ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ. ಅಂದರೆ ಆರು ನಿಮಿಷದ ಒಂದು ತುಣುಕಿಗೇ 1 ಜಿಬಿ ಆಗಿಬಿಡುತ್ತದೆ. ಮದುವೆ ಮನೆಯ ವಿಡಿಯೊಗಳನ್ನು ಬ್ಲೂಟೂತ್‌ನಲ್ಲಿ ಕಳಿಸಲು ಹೊರಟರೆ ಊಟದ ಪಂಕ್ತಿಗಳೆಲ್ಲ ಮುಗಿದರೂ ಕಳಿಸಿ ಮುಗಿಯುವುದಿಲ್ಲ.

ಎನ್‌ಎಫ್‌ಸಿ: ಬಂದದ್ದು, ಹೋದದ್ದು, ಉಳಿದದ್ದು

ಫೋನಿನ ಬೆನ್ನಿನೊಳಗೆ ತೆಳುವಾದ ತಾಮ್ರದ ಸುರುಳಿ ಇರುತ್ತದೆ. ಎರಡು ಸುರುಳಿಗಳು ಹತ್ತಿರ ಬಂದಾಗ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಗ್ರಹಿಸುತ್ತದೆ. ದೂರ ಹೆಚ್ಚಿದಂತೆ ಆ ಕ್ಷೇತ್ರ ಬಹಳ ಬೇಗ ಕುಗ್ಗುವುದರಿಂದ ಬಳಕೆಯಲ್ಲಿ ಇದರ ವ್ಯಾಪ್ತಿ ಸುಮಾರು 4 ಸೆಂ.ಮೀ. ಮಾತ್ರ. ಈ ಕೊರತೆಯೇ ಅದರ ಗುಣವೂ ಹೌದು. ಪಕ್ಕದ ಮೇಜಿನವರ ಫೋನಿಗೆ ತಪ್ಪಾಗಿ ಸಂಪರ್ಕ ಆಗುವ ಸಂಭವವೇ ಇಲ್ಲ, ಪಟ್ಟಿಯಲ್ಲಿ ಹೆಸರು ಹುಡುಕುವ ರಗಳೆಯೂ ಇಲ್ಲ.

ನೋಕಿಯಾ, ಫಿಲಿಪ್ಸ್, ಸೋನಿ ಸೇರಿ ಎನ್‌ಎಫ್‌ಸಿ ಫೋರಂ ಕಟ್ಟಿದ್ದು 2004ರಲ್ಲಿ. ಆಂಡ್ರಾಯ್ಡ್‌ನಲ್ಲಿ ಇದು ಮೊದಲು ಬಂದದ್ದು 2010ರ ಕೊನೆಯ ನೆಕ್ಸಸ್ ಎಸ್ ಫೋನಿನಲ್ಲಿ. 2011ರ ಆಂಡ್ರಾಯ್ಡ್ 4.0 ಜೊತೆಗೆ 'ಆಂಡ್ರಾಯ್ಡ್ ಬೀಮ್' ಬಂತು. ಆಗ ಅದರಲ್ಲಿ ಹೋಗುತ್ತಿದ್ದದ್ದು ವೆಬ್ ವಿಳಾಸ, ಕಾಂಟ್ಯಾಕ್ಟ್, ನಕ್ಷೆಯ ಗುರುತು ಇಂಥ ಪುಟ್ಟ ಸಂಗತಿಗಳು. ಫೋಟೊ, ವಿಡಿಯೊ ಕಳಿಸಲು ಆದದ್ದು 2012ರ ಆಂಡ್ರಾಯ್ಡ್ 4.1ರಿಂದ. ತಾಗಿಸಿದ ಕೂಡಲೇ ಫೋನುಗಳು ಬ್ಲೂಟೂತ್ ವಿಳಾಸವನ್ನು ಎನ್‌ಎಫ್‌ಸಿ ಮೂಲಕ ಕೊಟ್ಟುಕೊಂಡು, ಪೇರಿಂಗ್ ಕೇಳದೆ ಬ್ಲೂಟೂತ್‌ನಲ್ಲಿ ಫೈಲ್ ಸಾಗಿಸುತ್ತಿದ್ದವು. ಅದೇ ವರ್ಷ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್3 ಜೊತೆಗೆ ತಂದ 'ಎಸ್ ಬೀಮ್' ಬ್ಲೂಟೂತ್ ಬದಲು ವೈ-ಫೈ ಡೈರೆಕ್ಟ್ (ರೂಟರ್ ಇಲ್ಲದೆ ಫೋನಿನಿಂದ ಫೋನಿಗೆ ನೇರ ವೈ-ಫೈ) ಬಳಸಿತು. 1 ಜಿಬಿ ಸಿನಿಮಾ ಮೂರು ನಿಮಿಷದೊಳಗೆ ಹೋಗುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಉಪಾಯ ಸೊಗಸಾಗಿತ್ತು, ಆದರೆ ಎರಡೂ ಸ್ಯಾಮ್‌ಸಂಗ್ ಫೋನೇ ಆಗಿರಬೇಕಿತ್ತು.

ಬೀಮ್ ಸೋತದ್ದೇಕೆ? ಬೆನ್ನಿಗೆ ಬೆನ್ನು ಹಿಡಿದಾಗ ಪರದೆ ಒತ್ತುವುದು ಕಷ್ಟ. ಸುರುಳಿ ಎಲ್ಲಿದೆ ಎಂಬುದು ಒಂದೊಂದು ಮಾಡೆಲಿಗೆ ಒಂದೊಂದು ಥರ. ಎಲ್ಲಕ್ಕಿಂತ ಮುಖ್ಯವಾಗಿ, ಕಡಿಮೆ ಬೆಲೆಯ ಫೋನುಗಳಲ್ಲಿ ಎನ್‌ಎಫ್‌ಸಿಯೇ ಇರಲಿಲ್ಲ. ನಮ್ಮ ಮಾರುಕಟ್ಟೆಯ ಬಜೆಟ್ ಫೋನುಗಳಲ್ಲಿ ಈಗಲೂ ಅನೇಕಕ್ಕೆ ಇಲ್ಲ. ಭದ್ರತೆಯಲ್ಲೂ ಒಂದು ಲೋಪ ಸಿಕ್ಕಿತು. ಆಂಡ್ರಾಯ್ಡ್ 8 ಮತ್ತು ನಂತರದ ಫೋನುಗಳಲ್ಲಿ ಬೀಮ್ ಮೂಲಕ ಬಂದ ಎಪಿಕೆ (ಆಂಡ್ರಾಯ್ಡ್ ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲನ್ನು, 'ಅಪರಿಚಿತ ಮೂಲದ ಆ್ಯಪ್' ಎಂಬ ಎಚ್ಚರಿಕೆ ತೋರಿಸದೆಯೇ ಇನ್‌ಸ್ಟಾಲ್ ಮಾಡಲು ದಾರಿ ತೆರೆದಿತ್ತು. 2019ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಅದನ್ನು ಮುಚ್ಚಲಾಯಿತು. ಅದೇ ವರ್ಷ ಬಂದ ಆಂಡ್ರಾಯ್ಡ್ 10ರಲ್ಲಿ ಗೂಗಲ್ ಬೀಮ್ ಅನ್ನು ಕೈಬಿಟ್ಟಿತು, ಆಂಡ್ರಾಯ್ಡ್ 14ರ ಹೊತ್ತಿಗೆ ಅದರ ಕೋಡ್ ಕೂಡ ಹೋಯಿತು.

ಎನ್‌ಎಫ್‌ಸಿ ಮಾತ್ರ ಹೋಗಿಲ್ಲ. ಫೋನ್ ತಾಗಿಸಿ ಹಣ ಕೊಡುವುದು, ನೆಟ್‌ವರ್ಕ್ ಇಲ್ಲದೆಯೂ ನಡೆಯುವ ಯುಪಿಐ ಲೈಟ್ ಎಕ್ಸ್, ಇಯರ್‌ಫೋನ್ ಅಥವಾ ಸ್ಪೀಕರ್ ಪೇರಿಂಗ್, ಟ್ಯಾಗ್ (ಎನ್‌ಎಫ್‌ಸಿ ಚಿಪ್ ಇರುವ ಸ್ಟಿಕರ್) ಓದುವುದು ಇವೆಲ್ಲ ಅದರವೇ. ಫೈಲ್ ವಿಷಯಕ್ಕೆ ಬಂದರೆ ಟ್ಯಾಗ್ ಒಂದು ಸಣ್ಣ ದಾರಿ. ಅಂಗಡಿಯಲ್ಲಿ ಸಿಗುವ ಎನ್‌ಟ್ಯಾಗ್ 213 ಸ್ಟಿಕರ್‌ನಲ್ಲಿ 144 ಬೈಟ್, 215ರಲ್ಲಿ 504, 216ರಲ್ಲಿ 888 ಬೈಟ್ ಜಾಗ. ಫೋಟೊ ಹಿಡಿಸುವ ಮಾತೇ ಇಲ್ಲ. ಆದರೆ ಡ್ರೈವ್‌ನಲ್ಲಿಟ್ಟ ಫೈಲಿನ ಕೊಂಡಿ ಬರೆದಿಡಲು 144 ಬೈಟ್ ಸಾಕು. ಹೋಟೆಲಿನ ಮೆನು, ತರಬೇತಿಯ ಟಿಪ್ಪಣಿ, ಅಂಗಡಿಯ ದರಪಟ್ಟಿ ಹೀಗೆ ಒಂದೇ ಫೈಲನ್ನು ನೂರಾರು ಜನರಿಗೆ ಕೊಡಬೇಕಾದಾಗ ಇದು ಚೆನ್ನಾಗಿ ಒದಗುತ್ತದೆ. ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ನಂತರದವು ಯಾವ ಆ್ಯಪ್ ತೆರೆಯದೆಯೇ ಇಂಥ ಟ್ಯಾಗ್ ಓದುತ್ತವೆ. ಎನ್‌ಎಫ್‌ಸಿ ಇಲ್ಲದ ಫೋನಿನವರಿಗಾಗಿ ಪಕ್ಕದಲ್ಲೇ ಕ್ಯೂಆರ್ ಕೋಡ್ ಕೂಡ ಅಂಟಿಸಿ.

ಹಳೆಯ ಫೋನಿನಲ್ಲಿ ಬೀಮ್ ಇನ್ನೂ ಇದ್ದರೆ

ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹಳೆಯ ಎರಡು ಫೋನುಗಳು ಮನೆಯಲ್ಲಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಸೆಟ್ಟಿಂಗ್ಸ್, ಕನೆಕ್ಟೆಡ್ ಡಿವೈಸಸ್, ಕನೆಕ್ಷನ್ ಪ್ರಿಫರೆನ್ಸಸ್ ದಾರಿಯಲ್ಲಿ ಹೋಗಿ ಎನ್‌ಎಫ್‌ಸಿ ಮತ್ತು ಆಂಡ್ರಾಯ್ಡ್ ಬೀಮ್ ಎರಡನ್ನೂ ಎರಡೂ ಫೋನಿನಲ್ಲಿ ಆನ್ ಮಾಡಿ. ಇನ್ನೂ ಹಳೆಯದರಲ್ಲಿ ಇದು 'ಮೋರ್' ಎಂಬುದರ ಕೆಳಗೆ ಇರುತ್ತದೆ. ಕಳಿಸುವ ಫೋಟೊ ತೆರೆದು, ಎರಡೂ ಪರದೆಗಳ ಲಾಕ್ ತೆಗೆದು, ಬೆನ್ನಿಗೆ ಬೆನ್ನು ತಾಗಿಸಿ ಮೆಲ್ಲಗೆ ಮೇಲೆ ಕೆಳಗೆ ಸರಿಸಿ. ಸುರುಳಿಗಳು ಕೂಡಿದಾಗ ಫೋನು ನಡುಗಿ, ತೆರೆಯ ಮೇಲಿನ ಫೋಟೊ ಚಿಕ್ಕದಾಗಿ, 'ಟಚ್ ಟು ಬೀಮ್' ಎಂದು ಬರುತ್ತದೆ. ಅದನ್ನು ಒತ್ತಿದ ಮೇಲೆ ಫೋನುಗಳನ್ನು ಬೇರೆ ಮಾಡಬಹುದು. ಆಮೇಲಿನದು ಬ್ಲೂಟೂತ್ ಕೆಲಸವಾದ್ದರಿಂದ ಒಂದೇ ಕೋಣೆಯಲ್ಲಿದ್ದರೆ ಸಾಕು. ಬಂದ ಫೈಲ್ ಗ್ಯಾಲರಿಯಲ್ಲಿ ಕಾಣದಿದ್ದರೆ ಫೋನಿನ ಇಂಟರ್ನಲ್ ಸ್ಟೋರೇಜ್‌ನಲ್ಲಿ 'ಬೀಮ್' ಎಂಬ ಫೋಲ್ಡರ್ ನೋಡಿ.

ತಾಗಿಸಿದರೂ ಏನೂ ಆಗುತ್ತಿಲ್ಲವೆಂದರೆ ಮೊದಲು ಕವರ್ ತೆಗೆಯಿರಿ. ಲೋಹದ ಕವರ್, ಕಾರಿನ ಹೋಲ್ಡರ್‌ಗೆಂದು ಅಂಟಿಸಿದ ಕಬ್ಬಿಣದ ತಗಡು, ಬೆರಳಿಗೆ ಸಿಕ್ಕಿಸುವ ಉಂಗುರ ಇವು ಕಾಂತಕ್ಷೇತ್ರವನ್ನು ತಡೆಯುತ್ತವೆ. ಕವರ್ ಹಿಂದೆ ಸಿಕ್ಕಿಸಿದ ಮೆಟ್ರೊ ಕಾರ್ಡ್ ಅಥವಾ ಬ್ಯಾಂಕ್ ಕಾರ್ಡ್ ಇನ್ನೂ ತೊಂದರೆ. ಫೋನು ಎದುರಿನ ಫೋನಿನ ಬದಲು ಆ ಕಾರ್ಡನ್ನೇ ಓದಲು ಹೋಗುತ್ತದೆ. ಹಣ ಕೊಡಲು ಫೋನು ತಾಗಿಸುವಾಗ ಬರುವ ತೊಂದರೆಗೂ ಬಹಳ ಸಲ ಇದೇ ಕಾರಣ.

ಬ್ಲೂಟೂತ್: ನಿಧಾನ, ಆದರೆ ಎಲ್ಲೆಡೆಯೂ ಇದೆ

ಕೀಪ್ಯಾಡ್ ಫೋನಿಗೆ ಹಾಡು, ಭಜನೆ, ಯಕ್ಷಗಾನ ತುಂಬಿಸಿಕೊಡಬೇಕೆಂದರೆ ವೈರ್ ಇಲ್ಲದ ದಾರಿ ಇದೊಂದೇ. ಎಂಟು ಗಂಟೆಯ ಆಟದ ರೆಕಾರ್ಡಿಂಗ್ 128 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 460 ಎಂಬಿ ಆಗುತ್ತದೆ. ಸೆಕೆಂಡಿಗೆ 200 ಕೆಬಿಯಂತೆ 38 ನಿಮಿಷ. ಆಡಿಯೊಗೆ ಪರವಾಗಿಲ್ಲ. ಫೋನುಗಳನ್ನು ಮೇಜಿನ ಮೇಲಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು.

ಪಡೆಯುವ ಫೋನಿನಲ್ಲಿ ಬ್ಲೂಟೂತ್ ಆನ್ ಮಾಡಿದರಷ್ಟೇ ಸಾಲದು, ಬ್ಲೂಟೂತ್ ಸೆಟ್ಟಿಂಗ್ಸ್ ಪುಟವನ್ನೇ ತೆರೆದಿಟ್ಟಿರಬೇಕು. ಹೊಸ ಆಂಡ್ರಾಯ್ಡ್‌ಗಳು ಆ ಪುಟ ತೆರೆದಿರುವಾಗ ಮಾತ್ರ ಹೊಸ ಫೋನುಗಳಿಗೆ ಕಾಣಿಸಿಕೊಳ್ಳುತ್ತವೆ. 'ಹೆಸರೇ ಬರುತ್ತಿಲ್ಲ' ಎಂಬ ದೂರಿಗೆ ಬಹುಪಾಲು ಇದೇ ಉತ್ತರ. ಕಳಿಸುವವರು ಗ್ಯಾಲರಿ ಅಥವಾ ಫೈಲ್ಸ್‌ನಲ್ಲಿ ಶೇರ್ ಒತ್ತಿ, ಬ್ಲೂಟೂತ್ ಆರಿಸಿ, ಹೆಸರು ಮುಟ್ಟಬೇಕು. ಆ ಕಡೆ ನೋಟಿಫಿಕೇಶನ್ ಬಂದಾಗ ಬೇಗ 'ಅಕ್ಸೆಪ್ಟ್' ಒತ್ತದಿದ್ದರೆ ಕಾಲ ಮೀರಿ ವಿಫಲವೆಂದು ತೋರಿಸುತ್ತದೆ. ಅದೇ ಹೊತ್ತಿಗೆ ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಹಾಡು ಕೇಳುತ್ತಿದ್ದರೆ ಅಥವಾ 2.4 ಗಿಗಾಹರ್ಟ್ಸ್ ವೈ-ಫೈ ಓಡುತ್ತಿದ್ದರೆ ವೇಗ ಇನ್ನೂ ಇಳಿಯುತ್ತದೆ, ಏಕೆಂದರೆ ಮೂರೂ ಒಂದೇ ತರಂಗಪಟ್ಟಿಯಲ್ಲಿ ನುಗ್ಗಾಡುತ್ತಿರುತ್ತವೆ. ಐಫೋನ್ ಮತ್ತು ಆಂಡ್ರಾಯ್ಡ್ ನಡುವೆ ಬ್ಲೂಟೂತ್‌ನಲ್ಲಿ ಫೈಲ್ ಹೋಗುವುದಿಲ್ಲ, ಪೇರಿಂಗ್ ಆದಂತೆ ಕಂಡರೂ ಹೋಗುವುದಿಲ್ಲ. ಐಫೋನ್ ಆ ಸೌಲಭ್ಯವನ್ನೇ ಇಟ್ಟಿಲ್ಲ. ಅದಕ್ಕಾಗಿ ಸಮಯ ಕಳೆಯಬೇಡಿ.

ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಕ್ವಿಕ್ ಶೇರ್

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಶೇರ್‌ಇಟ್, ಕ್ಸೆಂಡರ್ ಎರಡೂ ಇದ್ದವು. ನಮ್ಮಲ್ಲಿ ಫೈಲ್ ಹಂಚಿಕೆ ಎಂದರೆ ಆ ಎರಡೇ ಎಂಬಂತಿದ್ದ ಕಾಲ ಅದು. ಅದೇ ವರ್ಷದ ಆಗಸ್ಟ್‌ನಲ್ಲಿ ಗೂಗಲ್ 'ನಿಯರ್‌ಬೈ ಶೇರ್' ಬಿಟ್ಟಿತು. 2024ರ ಜನವರಿಯಲ್ಲಿ ಅದು ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಸೇರಿ ಈಗಿನ ಹೆಸರು ಪಡೆಯಿತು. ಆಂಡ್ರಾಯ್ಡ್ 6 ಮತ್ತು ಮೇಲಿನ, ಗೂಗಲ್ ಪ್ಲೇ ಇರುವ ಫೋನುಗಳಲ್ಲಿ ಇದು ಮೊದಲೇ ಇರುತ್ತದೆ. ಬೇರೆ ಆ್ಯಪ್ ಹಾಕಿಕೊಳ್ಳಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಎರಡೂ ಕಡೆ ಆಂಡ್ರಾಯ್ಡ್ ಇದ್ದರೆ ಬೇರೆ ಏನನ್ನೂ ಹುಡುಕಬೇಡಿ ಎಂಬುದು ನಮ್ಮ ಸ್ಪಷ್ಟ ಸಲಹೆ.

ಇಲ್ಲಿ ಪರಿಚಯ ಮಾಡಿಸುವ ಕೆಲಸವನ್ನು ಎನ್‌ಎಫ್‌ಸಿ ಬದಲು ಬ್ಲೂಟೂತ್ ಮಾಡುತ್ತದೆ. ಬ್ಲೂಟೂತ್‌ನಲ್ಲಿ ಪರಸ್ಪರ ಕಂಡುಕೊಂಡು, ಆಮೇಲೆ ವೈ-ಫೈ ಡೈರೆಕ್ಟ್‌ನಂಥ ನೇರ ಸಂಪರ್ಕಕ್ಕೆ ಹಾರಿಕೊಳ್ಳುತ್ತವೆ. ಹಾಗಾಗಿ ಎರಡೂ ಫೋನುಗಳಲ್ಲಿ ಬ್ಲೂಟೂತ್, ವೈ-ಫೈ, ಲೊಕೇಶನ್ ಮೂರೂ ಆನ್ ಇರಬೇಕು. ವೈ-ಫೈ ಆನ್ ಇದ್ದರೆ ಸಾಕು, ಯಾವ ನೆಟ್‌ವರ್ಕ್‌ಗೂ ಸೇರಿರಬೇಕಿಲ್ಲ. ಲೊಕೇಶನ್ ಯಾಕೆ ಎಂದು ಅನುಮಾನ ಪಡುವವರಿದ್ದಾರೆ, ಅನುಮಾನ ನ್ಯಾಯವೇ. ಸುತ್ತಲಿನ ವೈ-ಫೈಗಳನ್ನು ನೋಡಿದರೆ ನೀವು ಎಲ್ಲಿದ್ದೀರಿ ಎಂದು ಊಹಿಸಬಹುದಾದ್ದರಿಂದ ಹಳೆಯ ಆಂಡ್ರಾಯ್ಡ್‌ಗಳಲ್ಲಿ ವೈ-ಫೈ ಹುಡುಕಾಟವನ್ನು ಲೊಕೇಶನ್ ಅನುಮತಿಗೆ ಕಟ್ಟಲಾಗಿತ್ತು. ಆಂಡ್ರಾಯ್ಡ್ 13ರಿಂದ ಆ್ಯಪ್‌ಗಳಿಗೆ 'ನಿಯರ್‌ಬೈ ಡಿವೈಸಸ್' ಎಂಬ ಪ್ರತ್ಯೇಕ ಅನುಮತಿ ಬಂದಿದೆ.

ಪಡೆಯುವವರು ಮೇಲಿಂದ ಪರದೆ ಎಳೆದು ಕ್ವಿಕ್ ಶೇರ್ ಗುಂಡಿ ಒತ್ತಿ, 'ಎವ್ರಿಒನ್' ಅಥವಾ 'ಕಾಂಟ್ಯಾಕ್ಟ್ಸ್' ಆರಿಸಬೇಕು. ಕಾಂಟ್ಯಾಕ್ಟ್ಸ್ ಎಂದರೆ ಬರೀ ಫೋನ್ ನಂಬರ್ ಉಳಿಸಿಕೊಂಡಿರುವುದಲ್ಲ. ಇಬ್ಬರೂ ಗೂಗಲ್ ಖಾತೆಗೆ ಲಾಗಿನ್ ಆಗಿರಬೇಕು, ಆ ಖಾತೆಯ ಇಮೇಲ್ ಅಥವಾ ನಂಬರ್ ಎದುರಿನವರ ಕಾಂಟ್ಯಾಕ್ಟ್‌ನಲ್ಲಿ ಇರಬೇಕು. ಅಷ್ಟೆಲ್ಲ ಹೊಂದಿಕೆ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಎವ್ರಿಒನ್ ಇಡುವುದೇ ಸಲೀಸು. ಕಳಿಸುವವರು ಫೈಲ್ ಆರಿಸಿ, ಶೇರ್ ಒತ್ತಿ, ಕ್ವಿಕ್ ಶೇರ್ ತೆರೆದು, ಎದುರಿನ ಫೋನಿನ ಹೆಸರು ಮುಟ್ಟುತ್ತಾರೆ. ಹೆಸರು ಬರದಿದ್ದರೆ ಫೋನುಗಳನ್ನು ಒಂದು ಅಡಿಯೊಳಗೆ ತನ್ನಿ. ಎರಡೂ ಪರದೆಗಳ ಮೇಲೆ ಪಿನ್ ಬಂದರೆ ಒಂದೇ ಇದೆಯೇ ನೋಡಿ ಆಮೇಲೆ ಅಕ್ಸೆಪ್ಟ್ ಒತ್ತಿ. ಒಂದೇ ಹೆಸರಿನ ಎರಡು ಫೋನು ಪಕ್ಕದಲ್ಲಿದ್ದಾಗ ಆ ಪಿನ್ ನಿಮ್ಮನ್ನು ಕಾಯುತ್ತದೆ. ಬಂದ ಫೈಲ್ ಡೌನ್‌ಲೋಡ್ಸ್‌ನಲ್ಲಿ ಸಿಗುತ್ತದೆ, ಸ್ಯಾಮ್‌ಸಂಗ್‌ನಲ್ಲಿ ಅದರೊಳಗಿನ ಕ್ವಿಕ್ ಶೇರ್ ಫೋಲ್ಡರ್‌ನಲ್ಲಿ.

ಶುರುವಾಗುತ್ತದೆ, ಆದರೆ ಆಮೆಯಂತೆ ತೆವಳುತ್ತದೆ ಎಂದರೆ ವೈ-ಫೈಗೆ ಹಾರಿಕೊಳ್ಳುವ ಹಂತ ಕೈಕೊಟ್ಟು, ಫೈಲ್ ಬ್ಲೂಟೂತ್‌ನಲ್ಲೇ ಹೋಗುತ್ತಿದೆ ಎಂದರ್ಥ. ಹೆಚ್ಚಾಗಿ ಇದಕ್ಕೆ ಕಾರಣ ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಇರುವುದು. ಹಾಟ್‌ಸ್ಪಾಟ್ ಆಗಿರುವ ವೈ-ಫೈ ಚಿಪ್‌ಗೆ ಅದೇ ಹೊತ್ತಿಗೆ ಇನ್ನೊಂದು ನೇರ ಸಂಪರ್ಕ ನಿಭಾಯಿಸಲು ಅನೇಕ ಫೋನುಗಳಲ್ಲಿ ಆಗುವುದಿಲ್ಲ. ಬ್ಯಾಟರಿ ಸೇವರ್, ವಿಪಿಎನ್ ಕೂಡ ಅಡ್ಡಿ ಮಾಡುತ್ತವೆ. ಕಾಯುತ್ತ ಕೂರದೆ ರದ್ದುಮಾಡಿ, ಇವನ್ನು ಆಫ್ ಮಾಡಿ, ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ ಮತ್ತೆ ಕಳಿಸಿ. ಮೊಬೈಲ್ ಡೇಟಾ ಖರ್ಚಾಗಬಾರದೆಂದರೆ ಕ್ವಿಕ್ ಶೇರ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಆಯ್ಕೆ ಇದೆಯೇ ನೋಡಿ, ಇದ್ದರೆ 'ವಿದೌಟ್ ಇಂಟರ್ನೆಟ್' ಇಟ್ಟುಬಿಡಿ.

ಐಫೋನಿಗೆ ಐಫೋನ್

ಇಲ್ಲಿ ಏರ್‌ಡ್ರಾಪ್ ಬಿಟ್ಟು ಬೇರೆ ಚರ್ಚೆಯೇ ಬೇಡ. ಐಫೋನಿಗೆ ಅದು 2013ರ ಐಒಎಸ್ 7ರಲ್ಲಿ ಬಂತು, ಬ್ಲೂಟೂತ್‌ನಲ್ಲಿ ಹುಡುಕಿ ವೈ-ಫೈನಲ್ಲಿ ನೇರ ಕಳಿಸುತ್ತದೆ, ಸುಮಾರು 9 ಮೀಟರ್‌ವರೆಗೆ. ಬೀಮ್ ಬಿಟ್ಟುಹೋದ 'ತಾಗಿಸಿ ಕಳಿಸುವ' ಸುಖ ಈಗ ಸಿಗುವುದೂ ಇಲ್ಲೇ. 2023ರ ಐಒಎಸ್ 17ರಿಂದ, ಫೋಟೊ ತೆರೆದಿಟ್ಟು ಫೋನಿನ ಮೇಲ್ತುದಿಯನ್ನು ಇನ್ನೊಂದು ಐಫೋನಿನ ಮೇಲ್ತುದಿಯ ಹತ್ತಿರ ತಂದರೆ ಪರದೆ ಹೊಳೆದು 'ಶೇರ್' ಗುಂಡಿ ಬರುತ್ತದೆ. ಏನೂ ತೆರೆದಿಲ್ಲದಿದ್ದರೆ ಕಾಂಟ್ಯಾಕ್ಟ್ ಹಂಚುವ ನೇಮ್‌ಡ್ರಾಪ್ ಬರುತ್ತದೆ. ಅದು ಕೆಲಸ ಮಾಡದಿದ್ದರೆ ಸೆಟ್ಟಿಂಗ್ಸ್, ಜನರಲ್, ಏರ್‌ಡ್ರಾಪ್‌ನಲ್ಲಿ 'ಬ್ರಿಂಗಿಂಗ್ ಡಿವೈಸಸ್ ಟುಗೆದರ್' ಆನ್ ಇದೆಯೇ ನೋಡಿ.

ಎದುರಿನವರ ಹೆಸರು ಕಾಣದಿದ್ದರೆ ಮೂರು ಸಂಗತಿ ನೋಡಿ. ಪರ್ಸನಲ್ ಹಾಟ್‌ಸ್ಪಾಟ್ ಆಫ್ ಆಗಿರಬೇಕು. 'ಕಾಂಟ್ಯಾಕ್ಟ್ಸ್ ಓನ್ಲಿ' ಇದ್ದರೆ ಇಬ್ಬರೂ ಐಕ್ಲೌಡ್‌ಗೆ ಲಾಗಿನ್ ಆಗಿದ್ದು, ಪರಸ್ಪರರ ಆ್ಯಪಲ್ ಖಾತೆಯ ಇಮೇಲ್ ಅಥವಾ ನಂಬರ್ ಉಳಿಸಿಕೊಂಡಿರಬೇಕು. ಇಲ್ಲದಿದ್ದರೆ 'ಎವ್ರಿಒನ್ ಫಾರ್ 10 ಮಿನಿಟ್ಸ್' ಒತ್ತಬೇಕು. ಹತ್ತು ನಿಮಿಷ ಮುಗಿದು ತಾನಾಗಿ ಹಿಂದಿನ ಸ್ಥಿತಿಗೆ ಹೋಗಿರುವುದನ್ನು ಗಮನಿಸದೆ ಫೋನು ಕೆಟ್ಟಿದೆ ಎಂದುಕೊಳ್ಳುವವರು ಬಹಳ. ದೊಡ್ಡ ವಿಡಿಯೊ ಹೋಗುತ್ತಿರುವಾಗ ಒಬ್ಬರು ಹೊರಡಬೇಕಾಗಿ ಬಂದರೂ ಐಒಎಸ್ 17.1ರಿಂದ ಉಳಿದ ಭಾಗ ಇಂಟರ್ನೆಟ್ ಮೂಲಕ ಹೋಗುತ್ತದೆ. ಡೇಟಾ ಪ್ಯಾಕ್ ಚಿಕ್ಕದಿದ್ದವರು ಆ ಆಯ್ಕೆಯನ್ನು ಅದೇ ಏರ್‌ಡ್ರಾಪ್ ಪುಟದಲ್ಲಿ ಆಫ್ ಮಾಡಿಡುವುದು ಒಳ್ಳೆಯದು.

ಐಫೋನ್ ಮತ್ತು ಆಂಡ್ರಾಯ್ಡ್ ನಡುವೆ

ನಿಜವಾದ ತಲೆನೋವು ಇದು. ಒಂದೇ ಮನೆಯಲ್ಲಿ ಮಗಳದು ಐಫೋನ್, ಅಪ್ಪನದು ಆಂಡ್ರಾಯ್ಡ್ ಇರುವುದು ಸಾಮಾನ್ಯ. 2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನುಗಳ ಕ್ವಿಕ್ ಶೇರ್ ಅನ್ನು ಏರ್‌ಡ್ರಾಪ್ ಜೊತೆ ಮಾತಾಡುವಂತೆ ಮಾಡಿತು. ಐಫೋನಿನಲ್ಲಿ 'ಎವ್ರಿಒನ್ ಫಾರ್ 10 ಮಿನಿಟ್ಸ್' ಒತ್ತಿದರೆ ಪಿಕ್ಸೆಲ್‌ನ ಪಟ್ಟಿಯಲ್ಲಿ ಅದರ ಹೆಸರು ಬರುತ್ತದೆ. ಕಾಂಟ್ಯಾಕ್ಟ್ಸ್ ಓನ್ಲಿ ಇದ್ದರೆ ಬರುವುದಿಲ್ಲ. ನಿಮ್ಮ ಫೋನಿನಲ್ಲಿ ಈ ಸೌಲಭ್ಯ ಇದ್ದರೆ ಮುಂದಿನದನ್ನು ಓದಬೇಕಿಲ್ಲ.

ಉಳಿದವರಿಗೆ ನಾವು ಹೇಳುವುದು ಲೋಕಲ್‌ಸೆಂಡ್. ಉಚಿತ, ಮುಕ್ತ ತಂತ್ರಾಂಶ, ಖಾತೆ ಬೇಡ, ಜಾಹೀರಾತಿಲ್ಲ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲಕ್ಕೂ ಇದೆ. ಎರಡೂ ಫೋನು ಒಂದೇ ವೈ-ಫೈನಲ್ಲಿರಬೇಕು, ಅದಕ್ಕೆ ಇಂಟರ್ನೆಟ್ ಇರಬೇಕಿಲ್ಲ. ಆ್ಯಪ್ ಮೊದಲ ಸಲ ತೆರೆದಾಗ ಐಫೋನ್ 'ಲೋಕಲ್ ನೆಟ್‌ವರ್ಕ್' ಅನುಮತಿ ಕೇಳುತ್ತದೆ. ಅಲ್ಲಿ ಬೇಡವೆಂದು ಒತ್ತಿಬಿಟ್ಟರೆ ಎಷ್ಟು ಹುಡುಕಿದರೂ ಎದುರಿನ ಫೋನು ಕಾಣುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಕೊಡಬೇಕು.

ಮನೆಯ ವೈ-ಫೈ ಇಲ್ಲದ ಕಡೆ ಹೀಗೆ ಮಾಡಿ. ಹಾಟ್‌ಸ್ಪಾಟ್ ಅನ್ನು ಆಂಡ್ರಾಯ್ಡ್ ಫೋನಿನಲ್ಲೇ ಹಚ್ಚಿ, ಐಫೋನಿನದು ಮೊಬೈಲ್ ಡೇಟಾ ಇಲ್ಲದೆ ನಡೆಯುವುದಿಲ್ಲ. ಹಚ್ಚುವ ಮೊದಲು ಆಂಡ್ರಾಯ್ಡ್‌ನ ಮೊಬೈಲ್ ಡೇಟಾ ಆಫ್ ಮಾಡಿ. ಫೋನಿನಿಂದ ಫೋನಿಗೆ ಹೋಗುವ ಫೈಲಿಗೆ ಡೇಟಾ ಖರ್ಚಿಲ್ಲ. ಆದರೆ ಡೇಟಾ ಆನ್ ಇದ್ದರೆ, ವೈ-ಫೈ ಸಿಕ್ಕಿತೆಂದು ಐಫೋನ್ ತನ್ನ ಫೋಟೊ ಬ್ಯಾಕಪ್, ಆ್ಯಪ್ ಅಪ್‌ಡೇಟ್‌ಗಳನ್ನು ಶುರುಮಾಡಿ ನಿಮ್ಮ ದಿನದ ಒಂದೂವರೆ ಜಿಬಿ ನುಂಗಿಬಿಡಬಹುದು. ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ 5 ಗಿಗಾಹರ್ಟ್ಸ್ ಆಯ್ಕೆ ಇದ್ದರೆ ಅದನ್ನು ಆರಿಸಿ. ಐಫೋನ್ ಆ ಹಾಟ್‌ಸ್ಪಾಟ್‌ಗೆ ಸೇರಿದ ಮೇಲೆ ಎರಡರಲ್ಲೂ ಲೋಕಲ್‌ಸೆಂಡ್ ತೆರೆಯಿರಿ, ಫೈಲ್ ಆರಿಸಿ, ಹೆಸರು ಮುಟ್ಟಿ. ಮುಗಿಯುವ ತನಕ ಐಫೋನಿನ ಪರದೆ ಆರದಂತೆ, ಬೇರೆ ಆ್ಯಪ್‌ಗೆ ಹೋಗದಂತೆ ನೋಡಿಕೊಳ್ಳಿ. ಹಿನ್ನೆಲೆಗೆ ಸರಿದ ಆ್ಯಪ್ ಅನ್ನು ಐಒಎಸ್ ತಡೆದುಬಿಡುತ್ತದೆ, ವರ್ಗಾವಣೆ ಅರ್ಧಕ್ಕೆ ನಿಲ್ಲುತ್ತದೆ. ಎರಡು ಆಂಡ್ರಾಯ್ಡ್‌ಗಳ ನಡುವೆ ಇದೇ ವಿಧಾನ ಬಳಸುವಾಗ, ಸೇರಿದ ಫೋನು 'ಈ ನೆಟ್‌ವರ್ಕ್‌ನಲ್ಲಿ ಇಂಟರ್ನೆಟ್ ಇಲ್ಲ, ಆದರೂ ಇರಬೇಕೇ' ಎಂದು ಕೇಳುತ್ತದೆ. ಹೌದು ಎನ್ನಿ, ಇಲ್ಲದಿದ್ದರೆ ಅದು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಮರಳುತ್ತದೆ.

ಹಾಸ್ಟೆಲ್, ಕಚೇರಿ, ಹೋಟೆಲ್ ವೈ-ಫೈಗಳಲ್ಲಿ ಎರಡು ಫೋನೂ ಒಂದೇ ನೆಟ್‌ವರ್ಕ್‌ನಲ್ಲಿದ್ದರೂ ಪರಸ್ಪರ ಕಾಣದಿರಬಹುದು. ಒಬ್ಬರ ಸಾಧನ ಇನ್ನೊಬ್ಬರಿಗೆ ಕಾಣದಂತೆ ರೂಟರ್‌ನಲ್ಲೇ ಪ್ರತ್ಯೇಕಿಸಿರುತ್ತಾರೆ. ಅದು ಭದ್ರತೆಗೆ ಒಳ್ಳೆಯದೇ. ಅಲ್ಲಿ ಹಾಟ್‌ಸ್ಪಾಟ್ ವಿಧಾನಕ್ಕೆ ಬನ್ನಿ.

ವಾಟ್ಸ್‌ಆ್ಯಪ್ ಸಾಲದೇ?

ಹತ್ತು ಫೋಟೊಗೆ ಸಾಕು. ಆದರೆ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಎಚ್‌ಡಿ ಒತ್ತಿದರೂ ಮೂಲದಷ್ಟು ಇರುವುದಿಲ್ಲ. ಅಚ್ಚು ಹಾಕಿಸಬೇಕಾದ ಫೋಟೊವನ್ನು 'ಡಾಕ್ಯುಮೆಂಟ್' ಎಂದು ಕಳಿಸಿ, ಇದ್ದಂತೆಯೇ ಹೋಗುತ್ತದೆ. ಮಿತಿ 2 ಜಿಬಿ. ಪಕ್ಕದಲ್ಲಿ ಕೂತವರಿಗೆ 1 ಜಿಬಿ ಕಳಿಸಿದರೂ ನಿಮ್ಮ 1 ಜಿಬಿ, ಅವರ 1 ಜಿಬಿ ಎರಡೂ ಖರ್ಚು. ಮಲೆನಾಡಿನ ಒಳಗಿನ ಊರುಗಳಲ್ಲಿ ನೆಟ್‌ವರ್ಕ್ ಒಂದು ಕಡ್ಡಿಯಲ್ಲಿ ಉಸಿರಾಡುವಾಗ ಇದು ದಾರಿಯೇ ಅಲ್ಲ, ಅಲ್ಲಿ ನೇರ ವೈ-ಫೈ ವಿಧಾನಗಳೇ ಗತಿ.

ಕಳಿಸುವ ಮೊದಲು, ಪಡೆದ ಮೇಲೆ

ಕ್ವಿಕ್ ಶೇರ್, ಏರ್‌ಡ್ರಾಪ್, ಡಾಕ್ಯುಮೆಂಟ್ ಯಾವುದರಲ್ಲೇ ಮೂಲ ಫೋಟೊ ಕಳಿಸಿದರೂ ಅದನ್ನು ತೆಗೆದ ಸ್ಥಳದ ಗುರುತು ಜೊತೆಯಲ್ಲೇ ಹೋಗಬಹುದು. ಮನೆಯಲ್ಲಿ ತೆಗೆದ ಫೋಟೊವನ್ನು ಗುರುತಿಲ್ಲದವರಿಗೆ ಕೊಡುವಾಗ ಇದು ನೆನಪಿರಲಿ. ಐಫೋನಿನಲ್ಲಿ ಶೇರ್ ಪುಟದ ಮೇಲಿನ 'ಆಪ್ಶನ್ಸ್' ಒತ್ತಿ ಲೊಕೇಶನ್ ತೆಗೆಯಬಹುದು.

ಎವ್ರಿಒನ್ ಆಯ್ಕೆಯನ್ನು ಬಸ್ಸು, ಮೆಟ್ರೊ, ಕಾಲೇಜಿನಲ್ಲಿ ಹಚ್ಚಿಡಬೇಡಿ. ಯಾರ್ಯಾರೋ ಅಸಹ್ಯ ಚಿತ್ರ ಕಳಿಸುವ ಕಿರುಕುಳ ಈ ಬಾಗಿಲಿನಿಂದಲೇ ಬರುತ್ತದೆ. ಪರಿಚಿತರಿಂದ ಬಂದದ್ದಾದರೂ ಎಪಿಕೆ ಫೈಲ್ ಒತ್ತಬೇಡಿ. ಮದುವೆ ಆಮಂತ್ರಣದ ಹೆಸರಿನಲ್ಲಿ ಬರುವ ಎಪಿಕೆ ಬ್ಯಾಂಕ್ ಖಾತೆಗೇ ಕೈಹಾಕುತ್ತದೆ. ಆಮಂತ್ರಣ ಪತ್ರಿಕೆ ಚಿತ್ರವೋ ಪಿಡಿಎಫ್ಫೋ ಆಗಿರುತ್ತದೆ, ಇನ್‌ಸ್ಟಾಲ್ ಮಾಡು ಎಂದು ಕೇಳುವುದಿಲ್ಲ.

ಐಫೋನಿನಿಂದ ಬಂದ ಫೋಟೊ ತೆರೆಯದಿದ್ದರೆ ಅದು ಎಚ್‌ಇಐಸಿ ಮಾದರಿಯದು. ಆಂಡ್ರಾಯ್ಡ್ 9ರಿಂದ ಮೇಲಿನವು ಅದನ್ನು ಓದುತ್ತವೆ, ಹಳೆಯವು ಓದುವುದಿಲ್ಲ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್, ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದೆ ತೆಗೆಯುವವು ಜೆಪಿಇಜಿ ಆಗಿರುತ್ತವೆ, ಹಿಂದೆ ತೆಗೆದವು ಬದಲಾಗುವುದಿಲ್ಲ. 4 ಜಿಬಿಗಿಂತ ದೊಡ್ಡ ವಿಡಿಯೊ ಕೊನೆಯಲ್ಲಿ ವಿಫಲವಾಗುತ್ತಿದ್ದರೆ ವೈ-ಫೈ ಮೇಲೆ ಅನುಮಾನ ಪಡುವ ಮೊದಲು ಅದು ಹೋಗಿ ಕೂರುತ್ತಿರುವುದು ಮೆಮೊರಿ ಕಾರ್ಡ್‌ಗೋ ನೋಡಿ. ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ. ಫೋನಿನ ಒಳಗಿನ ಸ್ಟೋರೇಜ್‌ಗೆ ಇಳಿಸಿಕೊಳ್ಳಿ, ಅಥವಾ ಕಾರ್ಡಿನಲ್ಲಿರುವುದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಿ.